ದೂರಕ್ಕೆ ಮೂರು ಅಂಕಿ, ಅವಧಿಗೆ ನಾಲ್ಕು: ಎರಡು ಸಣ್ಣ ವಿಮಾನ ನಿಲ್ದಾಣಗಳ ನಡುವಿನ ಲೆಕ್ಕ ಯಾಕೆ ತಾಳೆಯಾಗುವುದಿಲ್ಲ?

ಪ್ರಯೋಗಾಲಯ ಸಹಾಯಕಿ

ನಾನು ಕೆಲಸ ಮಾಡುವ ಕೇಂದ್ರದಿಂದ ರಕ್ತದ ಕೆಲವು ಮಾದರಿಗಳನ್ನು ವಿಮಾನದಲ್ಲಿ ಇನ್ನೊಂದು ಊರಿನ ದೊಡ್ಡ ಪ್ರಯೋಗಾಲಯಕ್ಕೆ ಕಳುಹಿಸಬೇಕಾಗಿದೆ. ರಕ್ತ ತೆಗೆದ 4 ಗಂಟೆಯೊಳಗೆ ಮಾದರಿ ಅಲ್ಲಿಗೆ ತಲುಪದಿದ್ದರೆ ಆ ಪರೀಕ್ಷೆಗೆ ಅದು ಉಪಯೋಗಕ್ಕೆ ಬಾರದು, ಮತ್ತು ರೋಗಿಯನ್ನು ಮತ್ತೊಮ್ಮೆ ಕರೆಸಿ ಸೂಜಿ ಚುಚ್ಚಬೇಕಾಗುತ್ತದೆ. ಎರಡೂ ಕಡೆ ಇರುವುದು ಒಂದೇ ರನ್‌ವೇಯ ಸಣ್ಣ ಪ್ರಾದೇಶಿಕ ನಿಲ್ದಾಣಗಳು. ನಮ್ಮದು ಉತ್ತರದಲ್ಲಿದೆ, ಪ್ರಯೋಗಾಲಯವಿರುವುದು ದಕ್ಷಿಣದಲ್ಲಿ. ನಡುವೆ ಓಡಾಡುವುದು ಎಟಿಆರ್ 72 ಎಂಬ ಟರ್ಬೊಪ್ರಾಪ್, ಅಂದರೆ ಪ್ರೊಪೆಲ್ಲರ್ ಇರುವ ವಿಮಾನ.

ಲೆಕ್ಕ ಹಾಕಲು ಕುಳಿತಾಗ ದಿಕ್ಕು ತಪ್ಪಿದಂತಾಯಿತು. ದೂರ ಎಷ್ಟು ಎಂದು ನೋಡಿದರೆ ಒಂದು ಕಡೆ 412 ಕಿಲೋಮೀಟರ್, ಇನ್ನೊಂದು ಕಡೆ 438, ಮತ್ತೊಂದು ಕಡೆ 462 ಎಂದಿದೆ. ಅವಧಿಯ ಕಥೆ ಇನ್ನೂ ಗೊಂದಲದ್ದು. ಒಂದು ಲೆಕ್ಕಯಂತ್ರ 31 ನಿಮಿಷ ಎನ್ನುತ್ತದೆ, ಇನ್ನೊಂದು 1 ಗಂಟೆ 1 ನಿಮಿಷ ಎನ್ನುತ್ತದೆ, ಟಿಕೆಟ್ಟಿನಲ್ಲಿ 1 ಗಂಟೆ 20 ನಿಮಿಷ ಎಂದು ಅಚ್ಚಾಗಿದೆ, ಮತ್ತು ಕಳೆದ ವಾರ ನಾನೇ ಪ್ರಯಾಣಿಸಿದಾಗ ಪೈಲಟ್ "ಇಂದಿನ ಹಾರಾಟದ ಸಮಯ 58 ನಿಮಿಷ" ಎಂದು ಪ್ರಕಟಿಸಿದರು. ಎರಡು ನಿಲ್ದಾಣಗಳು ಇದ್ದಲ್ಲಿಯೇ ಇವೆ, ನಡುವಿನ ಭೂಮಿಯೂ ಹಿಗ್ಗಿಲ್ಲ, ಕುಗ್ಗಿಲ್ಲ. ಹಾಗಿರುವಾಗ ಇಷ್ಟು ವ್ಯತ್ಯಾಸ ಎಲ್ಲಿಂದ ಬರುತ್ತದೆ, ಮತ್ತು ನಾನು ಯಾವುದನ್ನು ಹಿಡಿದು ಯೋಜನೆ ಮಾಡಬೇಕು ಎಂಬುದನ್ನು ತಿಳಿದವರು ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.

ಅಕ್ಷಾಂಶ

ನಕ್ಷೆ ಮತ್ತು ಸರ್ವೇಕ್ಷಣೆಯ ಕೆಲಸದಲ್ಲಿ ಹಲವು ವರ್ಷ ಇದ್ದವನು ನಾನು, ಆದ್ದರಿಂದ ದೂರದ ಮಟ್ಟಿಗೆ ಉತ್ತರಿಸುತ್ತೇನೆ.

ಎರಡು ನಿಲ್ದಾಣಗಳ ನಡುವಿನ ದೂರ ಎಂದರೆ ಸಾಮಾನ್ಯವಾಗಿ ಮಹಾವೃತ್ತದ ದೂರ. ಭೂಮಿಯ ಮೇಲ್ಮೈಯ ಎರಡು ಬಿಂದುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ ಅದು ಯಾವ ಗೆರೆಯ ಮೇಲೆ ಕೂರುತ್ತದೆಯೋ ಅದೇ ಮಹಾವೃತ್ತದ ಗೆರೆ. ಭೂಮಿಯನ್ನು 6371 ಕಿಲೋಮೀಟರ್ ತ್ರಿಜ್ಯದ ಗೋಳವೆಂದು ಭಾವಿಸಿ ಈ ದೂರವನ್ನು ಕಂಡುಹಿಡಿಯುವುದು ರೂಢಿಯಲ್ಲಿರುವ ಸುಲಭದ ದಾರಿ. ವಾಸ್ತವದಲ್ಲಿ ಭೂಮಿ ಧ್ರುವಗಳ ಬಳಿ ಸ್ವಲ್ಪ ಚಪ್ಪಟೆಯಾಗಿದೆ: ಸಮಭಾಜಕದ ಬಳಿ ತ್ರಿಜ್ಯ ಸುಮಾರು 6378 ಕಿಲೋಮೀಟರ್, ಧ್ರುವದ ಬಳಿ ಸುಮಾರು 6357. ಈ ಚಪ್ಪಟೆತನವನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಫಲಿತಾಂಶ ಬದಲಾಗುವುದು ಶೇಕಡಾ ಅರ್ಧದಷ್ಟರೊಳಗೆ. ಅಂದರೆ ನಿಮ್ಮ 412 ಕಿಲೋಮೀಟರಿಗೆ ಹೆಚ್ಚೆಂದರೆ 2 ಕಿಲೋಮೀಟರ್ ಆಚೀಚೆ. ಹಾಗಾಗಿ 412 ಮತ್ತು 438ರ ನಡುವಿನ ಅಂತರಕ್ಕೆ ಭೂಮಿಯ ಆಕಾರವನ್ನು ದೂರಲಾಗದು.

ನಕ್ಷೆಯ ಮೇಲೆ ವಿಮಾನದ ದಾರಿ ಬಿಲ್ಲಿನಂತೆ ಬಾಗಿರುವುದನ್ನು ಕಂಡು ಅದರಿಂದ ದೂರ ಹೆಚ್ಚುತ್ತದೆ ಎಂದು ಹಲವರು ಭಾವಿಸುತ್ತಾರೆ. ಖಂಡಗಳ ನಡುವಿನ ಹಾರಾಟದಲ್ಲಿ ಆ ಬಾಗು ನಿಜವಾಗಿಯೂ ಮುಖ್ಯ, ಏಕೆಂದರೆ ಅಲ್ಲಿ ಬಾಗಿದಂತೆ ಕಾಣುವ ದಾರಿಯೇ ಹತ್ತಿರದ ದಾರಿ. ಆದರೆ 412 ಕಿಲೋಮೀಟರಿನಷ್ಟು ಅಂತರದಲ್ಲಿ, 45 ಡಿಗ್ರಿ ಅಕ್ಷಾಂಶದಲ್ಲಿ ನೇರ ಪೂರ್ವ ಪಶ್ಚಿಮವಾಗಿ ಹಾರಿದರೂ, ದಿಕ್ಸೂಚಿಯ ಒಂದೇ ದಿಕ್ಕು ಹಿಡಿದು ಹೋಗುವ ದಾರಿಗೂ ಮಹಾವೃತ್ತದ ದಾರಿಗೂ ಇರುವ ವ್ಯತ್ಯಾಸ ನೂರು ಮೀಟರನ್ನೂ ಮುಟ್ಟುವುದಿಲ್ಲ.

ನನ್ನ ಅನುಮಾನ ಇರುವುದು ಮೂಲ ಬಿಂದುಗಳ ಮೇಲೆ. ಪ್ರತಿಯೊಂದು ನಿಲ್ದಾಣಕ್ಕೂ ಉಲ್ಲೇಖ ಬಿಂದು ಎಂಬ ಒಂದು ಅಧಿಕೃತ ಸ್ಥಾನವಿರುತ್ತದೆ, ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿರುತ್ತಾರೆ. ಕೆಲವು ಲೆಕ್ಕಯಂತ್ರಗಳು ಅದನ್ನು ಬಿಟ್ಟು ಊರಿನ ನಡುಭಾಗವನ್ನು ಹಿಡಿಯುತ್ತವೆ. ಇನ್ನು ಕೆಲವು ಕಡೆ ಡಿಗ್ರಿ ಮತ್ತು ಮಿನಿಟುಗಳಲ್ಲಿ ಬರೆದ ಸಂಖ್ಯೆಯನ್ನು ದಶಮಾಂಶವೆಂದು ತಪ್ಪಾಗಿ ತುಂಬಿಸಿರುತ್ತಾರೆ. 438 ತೋರಿಸುವ ಕಡೆ ಎರಡು ನಿಲ್ದಾಣಗಳ ಅಕ್ಷಾಂಶ ಏನೆಂದು ಕೊಟ್ಟಿದ್ದಾರೆ ನೋಡಿ, ಅಧಿಕೃತ ಪ್ರಕಟಣೆಯೊಂದಿಗೆ ಹೋಲಿಸಿ ತಿಳಿಸಿ.

ಕಿಟಕಿಬದಿ

ತಿಂಗಳಿಗೆ ಆರೇಳು ಬಾರಿ ಇಂಥ ಸಣ್ಣ ಮಾರ್ಗಗಳಲ್ಲಿ ಓಡಾಡುವ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. 31 ನಿಮಿಷ ಎಂಬುದು 412ನ್ನು ಗಂಟೆಗೆ 800 ಕಿಲೋಮೀಟರಿನಿಂದ ಭಾಗಿಸಿದ ಫಲ, ಮತ್ತು 1 ಗಂಟೆ 1 ನಿಮಿಷ ಎಂಬುದು ಅದಕ್ಕೆ ಏರಲು ಇಳಿಯಲು ಎಂದು ಇಡಿಯಾಗಿ 30 ನಿಮಿಷ ಸೇರಿಸಿದ ಫಲ. ನಿಮ್ಮ ಮಾರ್ಗದಲ್ಲಿ ಜೆಟ್ ವಿಮಾನ ಹಾಕಿದರೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಟಿಕೆಟ್ಟಿನ 1 ಗಂಟೆ 20 ನಿಮಿಷದಲ್ಲಿ ದೊಡ್ಡ ಪಾಲು, ವಿಮಾನ ತಡವಾಗಿ ಬಂದರೂ ಸಕಾಲಕ್ಕೆ ಬಂದಿದೆ ಎಂದು ಹೇಳಿಕೊಳ್ಳಲು ಸೇರಿಸಿದ್ದು ಎಂದೇ ನನ್ನ ನಂಬಿಕೆ.

ಹಳೆಯ ಡಿಸ್‌ಪ್ಯಾಚರ್

ಮೇಲಿನವರ ಮಾತಿನಲ್ಲಿ ಮೊದಲ ಭಾಗ ಸರಿ. 31 ಮತ್ತು 61 ನಿಮಿಷಗಳು ಹುಟ್ಟಿದ್ದು ಹಾಗೆಯೇ. ಉಳಿದದ್ದನ್ನು ನಾನು ಒಪ್ಪುವುದಿಲ್ಲ, ಮತ್ತು ಮಾದರಿಗಳ ವಿಷಯ ಇದರ ಮೇಲೆ ನಿಂತಿರುವುದರಿಂದ ವಿವರವಾಗಿಯೇ ಬರೆಯುತ್ತೇನೆ. ವಿಮಾನಗಳ ಹಾರಾಟ ಯೋಜನೆ ತಯಾರಿಸುವುದೇ ನನ್ನ ವೃತ್ತಿಯಾಗಿತ್ತು.

ನಮ್ಮ ಕೆಲಸದಲ್ಲಿ ಒಂದು ಹಾರಾಟಕ್ಕೆ ನಾಲ್ಕು ಗಳಿಗೆಗಳನ್ನು ದಾಖಲಿಸುತ್ತೇವೆ: ಔಟ್, ಆಫ್, ಆನ್, ಇನ್. ವಿಮಾನ ನಿಂತ ಜಾಗದಿಂದ ಕದಲಿದ್ದು ಔಟ್, ಚಕ್ರಗಳು ನೆಲ ಬಿಟ್ಟಿದ್ದು ಆಫ್, ಚಕ್ರಗಳು ನೆಲ ಮುಟ್ಟಿದ್ದು ಆನ್, ನಿಲುಗಡೆಯಲ್ಲಿ ಬಂದು ನಿಂತದ್ದು ಇನ್. ಔಟ್‌ನಿಂದ ಇನ್‌ವರೆಗಿನದು ಬ್ಲಾಕ್ ಟೈಮ್. ಟಿಕೆಟ್ಟಿನಲ್ಲಿ ಅಚ್ಚಾಗುವುದು ಇದು. ಆಫ್‌ನಿಂದ ಆನ್‌ವರೆಗಿನದು ಆಕಾಶದಲ್ಲಿದ್ದ ಸಮಯ. ಪೈಲಟ್ ನಿಮಗೆ ಪ್ರಕಟಿಸಿದ 58 ನಿಮಿಷ ಇದೇ, ಅದೂ ಆ ದಿನದ ಗಾಳಿಯನ್ನು ಲೆಕ್ಕಕ್ಕೆ ಹಿಡಿದು ಹೇಳಿದ್ದು. ಅವರ ಮಾತಿಗೂ ಟಿಕೆಟ್ಟಿಗೂ ವಿರೋಧವಿಲ್ಲ. ಇಬ್ಬರೂ ಬೇರೆ ಬೇರೆ ವಸ್ತುವನ್ನು ಅಳೆಯುತ್ತಿದ್ದಾರೆ.

ಈಗ ನಿಮ್ಮ ಮಾರ್ಗದ ಲೆಕ್ಕಕ್ಕೆ ಬರೋಣ. 412 ಕಿಲೋಮೀಟರ್ ಎಂದರೆ 222 ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿಲೋಮೀಟರ್). ವಿಮಾನ ಈ ನೇರ ಗೆರೆಯ ಮೇಲೆ ಹಾರುವುದಿಲ್ಲ. ಹೊರಡುವಾಗ ನಿಗದಿತ ದಾರಿಯಲ್ಲಿ ತಿರುಗಿ, ನಡುವೆ ಐದಕ್ಷರದ ಹೆಸರಿರುವ ಬಿಂದುಗಳನ್ನು ಒಂದೊಂದಾಗಿ ದಾಟಿ, ಸೇನೆಗೆ ಮೀಸಲಾದ ವಲಯವಿದ್ದರೆ ಅದನ್ನು ಬಳಸಿಕೊಂಡು, ಕೊನೆಗೆ ರನ್‌ವೇಗೆ ಎದುರಾಗುವಂತೆ ಬಂದು ಸೇರಬೇಕು. ಇಂಥ ಮಾರ್ಗಕ್ಕೆ ನಾನು 14 ನಾಟಿಕಲ್ ಮೈಲಿ ಹೆಚ್ಚಿಗೆ ಇಟ್ಟು ಒಟ್ಟು 236 ಎಂದು ಹಿಡಿಯುತ್ತೇನೆ. ಎಟಿಆರ್ 72 ವಿಮಾನ 17,000 ಅಡಿಗೆ ಏರಲು ಸುಮಾರು 17 ನಿಮಿಷ ಬೇಕು, ಅಷ್ಟರಲ್ಲಿ ಅದು 57 ನಾಟಿಕಲ್ ಮೈಲಿ ಸಾಗಿರುತ್ತದೆ. ಇಳಿಯುವಾಗ ಪ್ರತಿ 1000 ಅಡಿಗೆ 3 ನಾಟಿಕಲ್ ಮೈಲಿ ಎಂಬುದು ಪೈಲಟ್‌ಗಳ ಬಾಯಿಲೆಕ್ಕ, ಆದ್ದರಿಂದ 17,000 ಅಡಿಗೆ 51 ನಾಟಿಕಲ್ ಮೈಲಿ. ವೇಗ ತಗ್ಗಿಸಿ ಚಕ್ರ ಬಿಟ್ಟು ನೆಲ ಮುಟ್ಟುವ ಹಂತವನ್ನೂ ಸೇರಿಸಿದರೆ ಅದಕ್ಕೂ 17 ನಿಮಿಷ. ಉಳಿದ 128 ನಾಟಿಕಲ್ ಮೈಲಿಯನ್ನು 275 ನಾಟ್, ಅಂದರೆ ಗಂಟೆಗೆ 275 ನಾಟಿಕಲ್ ಮೈಲಿ ವೇಗದಲ್ಲಿ ಕ್ರಮಿಸಲು 28 ನಿಮಿಷ. ಒಟ್ಟು 62 ನಿಮಿಷ ಆಕಾಶದಲ್ಲಿ. ನೆಲದ ಮೇಲೆ ಹೊರಡುವಾಗ 8, ತಲುಪಿದಾಗ 4 ನಿಮಿಷ ಸೇರಿಸಿ, 74 ಆಯಿತು. ಟಿಕೆಟ್ಟಿನ 80ಕ್ಕೂ ಇದಕ್ಕೂ ಇರುವ ಅಂತರ ಕೇವಲ 6 ನಿಮಿಷ. ವೇಳಾಪಟ್ಟಿಯಲ್ಲಿ ಸ್ವಲ್ಪ ಸಡಿಲ ಇಡುವುದು ನಿಜ, ಅಮೆರಿಕದ ಸಾರಿಗೆ ಇಲಾಖೆಯ ಎಣಿಕೆಯಲ್ಲಿ 15 ನಿಮಿಷ ಅಥವಾ ಹೆಚ್ಚು ತಡವಾದರೆ ಮಾತ್ರ ತಡ ಎನಿಸಿಕೊಳ್ಳುವುದರಿಂದ ಆ ಗೆರೆಯನ್ನು ಎಲ್ಲರೂ ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಆದರೆ ನಿಮ್ಮ ಮಾರ್ಗದ ಟಿಕೆಟ್ಟು ಪ್ರಾಮಾಣಿಕವಾಗಿದೆ ಎಂದೇ ನನಗೆ ಅನಿಸುತ್ತದೆ.

ಜೆಟ್ ಅರ್ಧ ಗಂಟೆಯಲ್ಲಿ ಮುಟ್ಟುತ್ತದೆ ಎಂಬ ಮಾತಿಗೆ ಬರುತ್ತೇನೆ. ಎ320ರಂಥ ವಿಮಾನ 30,000 ಅಡಿಗೆ ಏರುವಷ್ಟರಲ್ಲಿ ಹತ್ತಿರ ಹತ್ತಿರ 90 ನಾಟಿಕಲ್ ಮೈಲಿ ಕಳೆದಿರುತ್ತದೆ, ಮತ್ತು ಅಷ್ಟು ಎತ್ತರದಿಂದ ಇಳಿಯಲು ಇನ್ನೊಂದು 90 ಬೇಕು. 222ರಲ್ಲಿ ಉಳಿಯುವುದು ನಲವತ್ತು ಚಿಲ್ಲರೆ. ಅಂದರೆ ಗಂಟೆಗೆ 830 ಕಿಲೋಮೀಟರ್ ಎಂದು ಹೇಳುವ ವೇಗದಲ್ಲಿ ಅದು ಹಾರುವುದು ಐದಾರು ನಿಮಿಷ ಮಾತ್ರ. ಅದರ ಮೇಲೆ, 10,000 ಅಡಿಗಿಂತ ಕೆಳಗೆ 250 ನಾಟ್ ಮೀರಬಾರದು ಎಂಬ ಮಿತಿ ಬಹಳ ಕಡೆ ಇದೆ. ಹೀಗಾಗಿ ಇಂಥ ಮಾರ್ಗದಲ್ಲಿ ಜೆಟ್ಟಿಗೂ ಟರ್ಬೊಪ್ರಾಪ್‌ಗೂ ಇರುವ ವ್ಯತ್ಯಾಸ ಕಾಗದದ ಮೇಲೆ ಕಾಣುವಷ್ಟು ದೊಡ್ಡದಲ್ಲ, ಹತ್ತು ಹದಿನೈದು ನಿಮಿಷದ್ದು. ದೂರ ಚಿಕ್ಕದಾದಷ್ಟೂ ಸಮಯವನ್ನು ತೀರ್ಮಾನಿಸುವುದು ನಡುವಿನ ಆಕಾಶವಲ್ಲ, ಎರಡು ತುದಿಗಳು.

ಪ್ರಯೋಗಾಲಯ ಸಹಾಯಕಿ

ನಾಲ್ಕು ಗಳಿಗೆಗಳ ವಿವರಣೆಯಿಂದ ಅರ್ಧ ಗೊಂದಲ ಅಲ್ಲಿಯೇ ಬಗೆಹರಿಯಿತು, ತುಂಬಾ ಕೃತಜ್ಞಳಾಗಿದ್ದೇನೆ.

ಅಕ್ಷಾಂಶ ಅವರು ಹೇಳಿದಂತೆ ಹೋಲಿಸಿ ನೋಡಿದೆ. ದಕ್ಷಿಣದ ನಿಲ್ದಾಣದ ಅಕ್ಷಾಂಶ ಅಧಿಕೃತ ಪ್ರಕಟಣೆಯಲ್ಲಿ 24 ಡಿಗ್ರಿ 36 ಮಿನಿಟು ಎಂದಿದೆ. 438 ಕಿಲೋಮೀಟರ್ ತೋರಿಸುವ ಕಡೆ ಅದನ್ನು 24.36 ಎಂದು ಬರೆದಿದ್ದಾರೆ. 36 ಮಿನಿಟು ಎಂದರೆ ಒಂದು ಡಿಗ್ರಿಯ 60ರಲ್ಲಿ 36 ಪಾಲು, ಆದ್ದರಿಂದ ಅದು 24.60 ಆಗಬೇಕಿತ್ತಲ್ಲವೇ? ಉತ್ತರದ ನಿಲ್ದಾಣದ ಸಂಖ್ಯೆ ಸರಿಯಾಗಿಯೇ ಇದೆ. ಆದರೆ 462ರ ಒಗಟು ಇನ್ನೂ ಬಿಡಿಸಿಲ್ಲ. ಅಲ್ಲಿ ಎರಡೂ ನಿಲ್ದಾಣಗಳ ಸ್ಥಾನ ಸರಿಯಾಗಿದೆ.

ಅಕ್ಷಾಂಶ

ಸರಿಯಾಗಿ ಹಿಡಿದಿದ್ದೀರಿ. ಇದನ್ನು ನಾಟಿಕಲ್ ಮೈಲಿಯಲ್ಲಿ ನೋಡಿದರೆ ಕಾಗದವಿಲ್ಲದೆಯೇ ಲೆಕ್ಕ ಸಿಗುತ್ತದೆ. ಅಕ್ಷಾಂಶದ ಒಂದು ಮಿನಿಟಿನ ಉದ್ದವೇ ನಾಟಿಕಲ್ ಮೈಲಿಯ ಮೂಲ. 1929ರಲ್ಲಿ ಮೊನಾಕೊದಲ್ಲಿ ಸೇರಿದ ಅಂತರರಾಷ್ಟ್ರೀಯ ಜಲಮಾಪನ ಸಮ್ಮೇಳನ ಅದನ್ನು 1852 ಮೀಟರ್ ಎಂದು ನಿಗದಿ ಮಾಡಿತು. 24.36 ಡಿಗ್ರಿ ಎಂದರೆ 24 ಡಿಗ್ರಿ 21.6 ಮಿನಿಟು. ಸರಿಯಾದ ಸ್ಥಾನಕ್ಕಿಂತ 14.4 ಮಿನಿಟು ದಕ್ಷಿಣಕ್ಕೆ ನಿಲ್ದಾಣವನ್ನು ಜಾರಿಸಿಬಿಟ್ಟಿದ್ದಾರೆ, ಅಂದರೆ 14.4 ನಾಟಿಕಲ್ ಮೈಲಿ, ಸುಮಾರು 26.7 ಕಿಲೋಮೀಟರ್. ನಿಮ್ಮ ಮಾರ್ಗ ನೇರ ಉತ್ತರ ದಕ್ಷಿಣವಾಗಿರದೆ ಸ್ವಲ್ಪ ಓರೆಯಾಗಿರುವುದರಿಂದ ಅದರಲ್ಲಿ 26 ಕಿಲೋಮೀಟರ್ ದೂರಕ್ಕೆ ಸೇರಿದೆ. 412ಕ್ಕೆ 26 ಕೂಡಿಸಿ ನೋಡಿ.

462 ತಪ್ಪಲ್ಲ, ಅದರ ಉದ್ದೇಶ ಬೇರೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಇಂಗಾಲದ ಹೊರಸೂಸುವಿಕೆಯನ್ನು ಅಂದಾಜು ಮಾಡುವಾಗ, ವಿಮಾನ ನೇರ ಗೆರೆಯಲ್ಲಿ ಹಾರುವುದಿಲ್ಲ ಎಂಬುದನ್ನು ಸರಿದೂಗಿಸಲು ಮಹಾವೃತ್ತದ ದೂರಕ್ಕೆ ಒಂದು ತಿದ್ದುಪಡಿ ಸೇರಿಸುತ್ತದೆ. 550 ಕಿಲೋಮೀಟರಿಗಿಂತ ಕಡಿಮೆಯಿದ್ದರೆ 50, ಅಲ್ಲಿಂದ 5500ರವರೆಗೆ 100, ಅದರಾಚೆ 125 ಕಿಲೋಮೀಟರ್. ನೀವು ನೋಡಿದ್ದು ಆ ಬಗೆಯ ಲೆಕ್ಕ. ಇದಕ್ಕೆ ವಿರುದ್ಧವಾಗಿ, ಯುರೋಪಿನ ಒಕ್ಕೂಟದಲ್ಲಿ ವಿಮಾನ ತಡವಾದಾಗ ಪರಿಹಾರ ಎಷ್ಟೆಂದು ತೀರ್ಮಾನಿಸುವ 2004ರ 261ನೇ ನಿಯಮ, ವಿಮಾನ ಯಾವ ದಾರಿಯಲ್ಲಿ ಹಾರಿತು ಎಂದು ಕೇಳದೆ ಶುದ್ಧ ಮಹಾವೃತ್ತದ ದೂರವನ್ನೇ ಹಿಡಿಯುತ್ತದೆ. ಎರಡೂ ಅವುಗಳ ಕೆಲಸಕ್ಕೆ ಸರಿ. ಯಾವ ಕೆಲಸಕ್ಕೆಂದು ಹೇಳದೆ ಬರಿಯ ಸಂಖ್ಯೆಯನ್ನು ಎತ್ತಿ ಇಡುವುದರಿಂದಲೇ ಓದುವವರಿಗೆ ತೊಂದರೆಯಾಗುತ್ತದೆ, ಮತ್ತು ಈ ಅಭ್ಯಾಸ ನನಗೆ ಬೇಸರ ತರಿಸುತ್ತದೆ.

ಗೋಪುರದವನು

ಡಿಸ್‌ಪ್ಯಾಚರ್ ಅವರು ನೆಲದ ಮೇಲೆ 8 ನಿಮಿಷ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದನ್ನು ಸ್ವಲ್ಪ ಬಿಡಿಸಿ ಹೇಳಬಯಸುತ್ತೇನೆ. ಸಣ್ಣ ನಿಲ್ದಾಣವೊಂದರ ಸಂಚಾರ ನಿಯಂತ್ರಣ ಗೋಪುರದಲ್ಲಿ ಕುಳಿತು ನೋಡಿದವನಿಗೆ ಆ 8 ನಿಮಿಷದೊಳಗೆ ಏನೇನಿದೆ ಎಂಬುದು ಗೊತ್ತು.

ದೊಡ್ಡ ನಿಲ್ದಾಣಗಳಲ್ಲಿ ರನ್‌ವೇಯ ಪಕ್ಕದಲ್ಲಿಯೇ ಉದ್ದಕ್ಕೂ ಟ್ಯಾಕ್ಸಿವೇ, ಅಂದರೆ ವಿಮಾನ ನೆಲದ ಮೇಲೆ ಉರುಳಿ ಹೋಗುವ ದಾರಿ, ಇರುತ್ತದೆ. ಸಣ್ಣ ನಿಲ್ದಾಣಗಳಲ್ಲಿ ಅನೇಕ ಕಡೆ ಅದು ಇರುವುದಿಲ್ಲ. ವಿಮಾನ ನಿಲುಗಡೆಯಿಂದ ಬಂದು ರನ್‌ವೇಯ ನಡುಭಾಗಕ್ಕೆ ಸೇರಿಕೊಂಡು, ಅದೇ ರನ್‌ವೇಯ ಮೇಲೆ ನಿಧಾನವಾಗಿ ತುದಿಯವರೆಗೆ ಉರುಳಿ, ಅಲ್ಲಿ ಅಗಲ ಮಾಡಿರುವ ಜಾಗದಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ, ಆಮೇಲೆ ಓಟ ಆರಂಭಿಸಬೇಕು. ಇದಕ್ಕೆ ಮೂರರಿಂದ ಐದು ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತು ರನ್‌ವೇ ಬೇರೆ ಯಾರಿಗೂ ಸಿಗುವುದಿಲ್ಲ, ಆದ್ದರಿಂದ ಆಗಲೇ ಇಳಿಯಲು ಬರುತ್ತಿರುವ ಇನ್ನೊಂದು ವಿಮಾನವಿದ್ದರೆ ನಿಮ್ಮದು ನಿಲುಗಡೆಯಲ್ಲಿಯೇ ಕಾಯುತ್ತದೆ. ರಡಾರ್ ಇಲ್ಲದ ಕಡೆ ವಿಮಾನಗಳ ನಡುವಿನ ಅಂತರವನ್ನು ಪೈಲಟ್‌ಗಳು ಹೇಳುವ ಸ್ಥಾನ ಮತ್ತು ಸಮಯದ ಮೇಲೆಯೇ ಕಾಯ್ದುಕೊಳ್ಳುವುದರಿಂದ ಆ ಅಂತರವೂ ದೊಡ್ಡದಾಗಿಯೇ ಇರುತ್ತದೆ.

ಇನ್ನೊಂದು ವಿಷಯ ರನ್‌ವೇಯ ದಿಕ್ಕು. ರನ್‌ವೇಯ ಸಂಖ್ಯೆ ಅದರ ಕಾಂತೀಯ ದಿಕ್ಕನ್ನು ಹತ್ತರಿಂದ ಭಾಗಿಸಿದ್ದು: 18 ಎಂದರೆ ದಕ್ಷಿಣಕ್ಕೆ, 36 ಎಂದರೆ ಉತ್ತರಕ್ಕೆ. ವಿಮಾನಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಮೇಲೇರುತ್ತವೆ ಮತ್ತು ಇಳಿಯುತ್ತವೆ. ನೀವು ಹೋಗಬೇಕಾದದ್ದು ದಕ್ಷಿಣಕ್ಕೆ, ಆದರೆ ಗಾಳಿ ಉತ್ತರದಿಂದ ಬೀಸುತ್ತಿದ್ದರೆ ವಿಮಾನ ಉತ್ತರಕ್ಕೆ ಮುಖ ಮಾಡಿ ಏರಿ, ಆಮೇಲೆ ತಿರುಗಿ ಬರಬೇಕು. ತಲುಪಿದ ಮೇಲೂ ಅಷ್ಟೇ. ನಿಲ್ದಾಣದ ಪಕ್ಕದಿಂದಲೇ ಹಾದು ಮುಂದೆ ಹೋಗಿ, ಎರಡು ಬಾರಿ ತಿರುಗಿ, ದಕ್ಷಿಣದ ತುದಿಯಿಂದ ಒಳಬರಬೇಕು. ಕಿಟಕಿಯಿಂದ ನಿಲ್ದಾಣ ಕೆಳಗೆ ಕಾಣಿಸಿ ಹಿಂದೆ ಸರಿದು ಹೋದಾಗ ಪ್ರಯಾಣಿಕರು ಗಾಬರಿಯಾಗುವುದುಂಟು, ಆದರೆ ಅದು ದಿನನಿತ್ಯದ ಕ್ರಮ. ಎರಡು ತುದಿಗಳೂ ಅನುಕೂಲವಾಗಿರುವ ದಿನಕ್ಕೂ ಎರಡೂ ಪ್ರತಿಕೂಲವಾಗಿರುವ ದಿನಕ್ಕೂ ಎಂಟು ಹತ್ತು ನಿಮಿಷದ ವ್ಯತ್ಯಾಸ ಬರುವುದನ್ನು ನಾನು ಎಷ್ಟೋ ಬಾರಿ ನೋಡಿದ್ದೇನೆ.

ಬೆನ್ನುಗಾಳಿ

ಎತ್ತರದ ಗಾಳಿಯ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಅದನ್ನು ಸೇರಿಸುತ್ತೇನೆ. ವಿಮಾನದ ವೇಗ ಗಾಳಿಗೆ ಹೋಲಿಸಿದ್ದು, ನೆಲಕ್ಕೆ ಹೋಲಿಸಿದ್ದಲ್ಲ. 2020ರ ಫೆಬ್ರುವರಿಯಲ್ಲಿ ಬಿರುಗಾಳಿಯ ಬೆನ್ನೇರಿ ನ್ಯೂಯಾರ್ಕಿನಿಂದ ಹೊರಟ ಬೋಯಿಂಗ್ 747 ಒಂದು ಲಂಡನ್ನನ್ನು 4 ಗಂಟೆ 56 ನಿಮಿಷದಲ್ಲಿ ತಲುಪಿದ್ದು ಇದೇ ಕಾರಣಕ್ಕೆ.

ನಿಮ್ಮ ಮಾರ್ಗದಲ್ಲಿ ಲೆಕ್ಕ ಸುಲಭವಾಗಲೆಂದು ಏರಿಳಿತ ಬಿಟ್ಟು ಹೇಳುತ್ತೇನೆ. ಗಂಟೆಗೆ 510 ಕಿಲೋಮೀಟರ್ ವೇಗದ ಟರ್ಬೊಪ್ರಾಪ್‌ಗೆ ಗಾಳಿಯೇ ಇಲ್ಲದಿದ್ದರೆ 412 ಕಿಲೋಮೀಟರಿಗೆ 48.5 ನಿಮಿಷ. 80 ಕಿಲೋಮೀಟರ್ ವೇಗದ ಎದುರುಗಾಳಿ ಇದ್ದರೆ 57.5, ಅಷ್ಟೇ ಬೆನ್ನುಗಾಳಿ ಇದ್ದರೆ 41.9. ಹೋಗುವಾಗ ಕಳೆದದ್ದು ಬರುವಾಗ ಪೂರ್ತಿ ಸಿಗುವುದಿಲ್ಲ ಎಂಬುದನ್ನೂ ಗಮನಿಸಿ: ಹೋಗಿ ಬರಲು ಒಟ್ಟು 97 ನಿಮಿಷದ ಬದಲು 99.4 ಆಯಿತು, ಏಕೆಂದರೆ ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುತ್ತದೆ. ಇದೇ ಗಾಳಿ 830 ಕಿಲೋಮೀಟರ್ ವೇಗದ ಜೆಟ್ಟಿಗೆ 33 ನಿಮಿಷ ಮತ್ತು 27.2 ನಿಮಿಷದ ನಡುವಿನ ಅಂತರವನ್ನಷ್ಟೇ ತರುತ್ತದೆ. ನಿಧಾನವಾಗಿ ಹೋಗುವವರಿಗೇ ಗಾಳಿಯ ಕಾಟ ಜಾಸ್ತಿ. ವಾಸ್ತವದಲ್ಲಿ ಜೆಟ್ ಹಾರುವ ಎತ್ತರದಲ್ಲಿ ಗಾಳಿಯೂ ಹೆಚ್ಚು ಬಿರುಸಾಗಿರಬಹುದು, ಆದ್ದರಿಂದ ಈ ಹೋಲಿಕೆಯನ್ನು ಅಂದಾಜು ಎಂದೇ ತೆಗೆದುಕೊಳ್ಳಿ.

ಕಿಟಕಿಬದಿ

ಜೆಟ್ ಬಗ್ಗೆ ನಾನು ಬರೆದದ್ದು ತಪ್ಪಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಎರಡು ತುದಿಗಳೇ ಸಮಯವನ್ನು ತೀರ್ಮಾನಿಸುತ್ತವೆ ಎಂಬ ಮಾತಿಗೆ ಕೊನೆಯ ಉದಾಹರಣೆ ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿದೆ. ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ನಡುವಿನ ವಿಮಾನ ಮಾರ್ಗ ಸುಮಾರು 2.7 ಕಿಲೋಮೀಟರ್, ಜಗತ್ತಿನ ಅತ್ಯಂತ ಚಿಕ್ಕ ನಿಗದಿತ ಸೇವೆ ಎಂದು ಹೆಸರಾದದ್ದು. ವೇಳಾಪಟ್ಟಿಯಲ್ಲಿ ಅದಕ್ಕೆ ಸುಮಾರು ಎರಡು ನಿಮಿಷ ಕೊಡುತ್ತಾರೆ, ಅನುಕೂಲದ ಗಾಳಿಯಲ್ಲಿ 53 ಸೆಕೆಂಡಿನಲ್ಲಿ ಮುಗಿಸಿದ ದಾಖಲೆಯೂ ಇದೆ. ಅಲ್ಲಿ ನಡುವಿನ ಹಾರಾಟ ಎಂಬುದೇ ಇಲ್ಲ, ಏರಿದ್ದೇ ಇಳಿಯುವುದು.

ಇನ್ನೊಂದು ಎಚ್ಚರಿಕೆ, ಇದು ನಿಮ್ಮ ಮಾರ್ಗಕ್ಕೆ ಅನ್ವಯಿಸದಿರಬಹುದು. ಟಿಕೆಟ್ಟಿನ ಎರಡು ಸಮಯಗಳೂ ಆಯಾ ಊರಿನ ಸ್ಥಳೀಯ ಸಮಯ. ಎರಡು ನಿಲ್ದಾಣಗಳು ಬೇರೆ ಸಮಯ ವಲಯದಲ್ಲಿದ್ದರೆ ಒಂದರಿಂದ ಇನ್ನೊಂದನ್ನು ಕಳೆದು ಅವಧಿ ಎಂದು ಬರೆದುಕೊಂಡರೆ ಒಂದು ಗಂಟೆಯಷ್ಟು ತಪ್ಪುತ್ತದೆ.

ಪ್ರಯೋಗಾಲಯ ಸಹಾಯಕಿ

ಒಂದು ತಿಂಗಳ ನಂತರ ಬರೆಯುತ್ತಿದ್ದೇನೆ. ಎಲ್ಲರ ಮಾತು ಕೇಳಿದ ಮೇಲೆ, ಬೇರೆಯವರ ಅಂಕಿಗಳನ್ನು ನಂಬುವ ಬದಲು ಕೆಲಸದ 22 ದಿನಗಳಲ್ಲಿ ಆ ವಿಮಾನ ಕದಲಿದ ಗಳಿಗೆ ಮತ್ತು ತಲುಪಿ ನಿಂತ ಗಳಿಗೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಅತಿ ಕಡಿಮೆ ಬ್ಲಾಕ್ ಟೈಮ್ 66 ನಿಮಿಷ. ಏರಿಕೆ ಕ್ರಮದಲ್ಲಿ ಜೋಡಿಸಿದರೆ ನಡುವೆ ಬರುವುದು 73, ಡಿಸ್‌ಪ್ಯಾಚರ್ ಅವರ ಲೆಕ್ಕಕ್ಕಿಂತ ಒಂದೇ ನಿಮಿಷ ಕಡಿಮೆ. ಎರಡು ದಿನ ಮಾತ್ರ 90 ದಾಟಿತು. ಅದರಲ್ಲಿ ಒಂದು ದಿನ ದಕ್ಷಿಣದಲ್ಲಿ ಮಳೆಯಿಂದಾಗಿ ವಿಮಾನ ಆಕಾಶದಲ್ಲಿಯೇ ಸುತ್ತು ಹೊಡೆಯುತ್ತಾ ಕಾದು, ಒಟ್ಟು 109 ನಿಮಿಷ ತೆಗೆದುಕೊಂಡಿತು.

ಇದನ್ನು ನಮ್ಮ 4 ಗಂಟೆಯೊಳಗೆ ಇಟ್ಟು ನೋಡಿದೆ. ರಕ್ತ ತೆಗೆದು ನಿಲ್ದಾಣ ತಲುಪಲು 25 ನಿಮಿಷ. ಸರಕಿನ ಕೌಂಟರಿನಲ್ಲಿ ಹೊರಡುವ 60 ನಿಮಿಷ ಮೊದಲು ಪೆಟ್ಟಿಗೆ ಒಪ್ಪಿಸಬೇಕು. ಹಾರಾಟಕ್ಕೆ ಟಿಕೆಟ್ಟಿನ 80. ಅಲ್ಲಿ ಪೆಟ್ಟಿಗೆ ಕೈಗೆ ಸಿಗಲು 25, ಪ್ರಯೋಗಾಲಯ ಮುಟ್ಟಲು 20. ಒಟ್ಟು 210 ನಿಮಿಷ, ಕೈಯಲ್ಲಿ ಉಳಿಯುವುದು 30. ಮಳೆಯ ದಿನದ 109 ನಿಮಿಷವನ್ನು ಹಾಕಿದರೂ 239, ಅಂದರೆ ಒಂದು ನಿಮಿಷದಲ್ಲಿ ಬಚಾವು.

ಆದರೆ ನೋಟ್‌ಬುಕ್ಕು ನಾನು ಕೇಳದೇ ಇದ್ದ ಇನ್ನೊಂದು ಸಂಗತಿಯನ್ನು ತೋರಿಸಿತು. 22 ದಿನಗಳಲ್ಲಿ ಐದು ದಿನ ವಿಮಾನ ಹೊರಟದ್ದೇ 30 ನಿಮಿಷಕ್ಕಿಂತ ತಡವಾಗಿ. ಹಾರಾಟದ ಅವಧಿಯ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡೆ, ಆದರೆ ಮಾದರಿಗಳನ್ನು ಹಾಳು ಮಾಡುವುದು ಅದಲ್ಲ. ಹೊರಡುವ ತಡವನ್ನು ಮುಂಚಿತವಾಗಿ ತಿಳಿಯುವ ದಾರಿ ಏನಾದರೂ ಇದೆಯೇ?

ಹಳೆಯ ಡಿಸ್‌ಪ್ಯಾಚರ್

ಇದೆ. ನಿಮ್ಮ ವಿಮಾನ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ಕಂಡುಹಿಡಿಯಿರಿ. ಪ್ರಾದೇಶಿಕ ಮಾರ್ಗಗಳಲ್ಲಿ ಒಂದೇ ವಿಮಾನ ದಿನಕ್ಕೆ ಆರೆಂಟು ಬಾರಿ ಹಾರುತ್ತದೆ, ಒಂದು ಹಾರಾಟಕ್ಕೂ ಮುಂದಿನದಕ್ಕೂ ನಡುವೆ ಅರ್ಧ ಗಂಟೆಯಷ್ಟೇ ಬಿಡುವು. ಬೆಳಗಿನ ಮೊದಲ ಹಾರಾಟದಲ್ಲಿ ಇಪ್ಪತ್ತು ನಿಮಿಷ ಜಾರಿದರೆ ಅದು ಮಧ್ಯಾಹ್ನದವರೆಗೂ ಹಿಂಬಾಲಿಸುತ್ತದೆ. ಹೊರಡುವ ಫಲಕದಲ್ಲಿ ತಡ ಎಂದು ಬರೆಯುವ ಎಷ್ಟೋ ಮೊದಲೇ, ಬರಬೇಕಾದ ವಿಮಾನ ಹಿಂದಿನ ನಿಲ್ದಾಣ ಬಿಟ್ಟಿದೆಯೋ ಇಲ್ಲವೋ ಎಂಬುದರಿಂದ ನಿಮಗೆ ವಿಷಯ ತಿಳಿಯುತ್ತದೆ. ವಿಮಾನದ ಮೈಮೇಲೆ ಬರೆದಿರುವ ನೋಂದಣಿ ಸಂಖ್ಯೆಯನ್ನು ಹಿಡಿದು ಹುಡುಕಿ, ಸೇವೆಯ ಸಂಖ್ಯೆಯನ್ನಲ್ಲ. ಸೇವೆಯ ಸಂಖ್ಯೆ ಪ್ರತಿ ಹಾರಾಟಕ್ಕೆ ಬದಲಾಗುತ್ತದೆ, ನೋಂದಣಿ ಸಂಖ್ಯೆ ಬದಲಾಗುವುದಿಲ್ಲ. ತಾಂತ್ರಿಕ ಕಾರಣದಿಂದ ವಿಮಾನವನ್ನೇ ಬದಲಿಸುವ ದಿನಗಳೂ ಇರುತ್ತವೆ, ಅಂದು ಮಾತ್ರ ಈ ಉಪಾಯ ಕೈಕೊಡಬಹುದು.

ಪ್ರಯೋಗಾಲಯ ಸಹಾಯಕಿ

ನೋಡಿದೆ. ಅದೇ ವಿಮಾನ ದಕ್ಷಿಣದ ನಿಲ್ದಾಣದಿಂದ ಹೊರಟು ನಮ್ಮಲ್ಲಿಗೆ ಬಂದು, 30 ನಿಮಿಷ ನಿಂತು, ಮರಳಿ ದಕ್ಷಿಣಕ್ಕೆ ಹೋಗುತ್ತದೆ. ಬರುವ ಹಾರಾಟಕ್ಕೂ ವೇಳಾಪಟ್ಟಿಯಲ್ಲಿ 80 ನಿಮಿಷ. ಹಾಗಾಗಿ ನಮ್ಮ ವಿಮಾನ ಹೊರಡುವ 110 ನಿಮಿಷ ಮೊದಲು ಅದು ದಕ್ಷಿಣದಲ್ಲಿ ಕದಲಬೇಕು. ನಾವು ರಕ್ತ ತೆಗೆಯಬೇಕಾದದ್ದು ಹೊರಡುವ 85 ನಿಮಿಷ ಮೊದಲು. ನಡುವೆ 25 ನಿಮಿಷ ಸಿಗುತ್ತದೆ.

ನಮ್ಮ ಮುಖ್ಯಸ್ಥರೊಂದಿಗೆ ಮಾತನಾಡಿ ಕ್ರಮವನ್ನು ಹೀಗೆ ಬದಲಿಸಿದ್ದೇವೆ: ದಕ್ಷಿಣದಿಂದ ವಿಮಾನ ನೆಲ ಬಿಟ್ಟಿದೆ ಎಂದು ಖಚಿತವಾದ ಮೇಲೆಯೇ ರೋಗಿಯನ್ನು ಒಳಗೆ ಕರೆಯುವುದು. ಅದು ತಡವಾದರೆ ರಕ್ತ ತೆಗೆಯುವುದನ್ನೂ ಅಷ್ಟೇ ಹೊತ್ತು ಮುಂದೂಡುವುದು. ಸೋಮವಾರ ಮೊದಲ ಬಾರಿ ಹೀಗೆ ಮಾಡಿದೆವು. ವಿಮಾನ 40 ನಿಮಿಷ ತಡವಾಗಿ ಕದಲಿತು, ಆದ್ದರಿಂದ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದ ಅಜ್ಜಿಯೊಬ್ಬರಿಗೆ ಇನ್ನೂ 40 ನಿಮಿಷ ಕಾಯಬೇಕಾಗುತ್ತದೆ ಎಂದು ಹೇಳಿ ಕಾರಣ ವಿವರಿಸಿದೆ. ಅವರ ಮಾದರಿ 3 ಗಂಟೆ 22 ನಿಮಿಷದಲ್ಲಿ ಪ್ರಯೋಗಾಲಯ ತಲುಪಿತು. ಹಳೆಯ ಕ್ರಮದಲ್ಲಿ ಅದು 4 ಗಂಟೆ ದಾಟುತ್ತಿತ್ತು.

ಮಾರ್ಚ್ ತಿಂಗಳ ಕೊನೆಯ ಭಾನುವಾರ ವಿಮಾನಗಳ ಬೇಸಿಗೆ ವೇಳಾಪಟ್ಟಿ ಆರಂಭವಾಗುತ್ತದೆ. ಆಗ ಸಮಯವೂ ವಿಮಾನದ ಮಾದರಿಯೂ ಬದಲಾಗುವ ಸಾಧ್ಯತೆ ಇರುವುದರಿಂದ ಹೊಸ ನೋಟ್‌ಬುಕ್ಕು ತೆಗೆದಿಟ್ಟಿದ್ದೇನೆ.